ಧಾರೆಯ ಹೊತ್ತಿಗೆ ಫೋಟೋದವರು ಎಲ್ಲಿದ್ದರು? ಕಾಸರಗೋಡಿನ ಕಡೆ ಮದುವೆ ಇಟ್ಟುಕೊಂಡವರಿಗೆ

ನನ್ನ ತಂಗಿಯ ಮದುವೆ ಆಲ್ಬಂನಲ್ಲಿ ನೀಲಿ ಅಂಗಿಯವರೊಬ್ಬರು ಇದ್ದಾರೆ. ಒಟ್ಟು ಹನ್ನೊಂದು ಫೋಟೋ. ಒಂದು ಕಡೆ ಅರ್ಧ ಪುಟ ಅವರ ನಗುವೇ ತುಂಬಿದೆ. ಅವರು ಯಾರೆಂದು ನಮಗೂ ಗೊತ್ತಿರಲಿಲ್ಲ, ಗಂಡಿನ ಕಡೆಯವರಿಗೂ ಗೊತ್ತಿರಲಿಲ್ಲ. ಅದೇ ಆಲ್ಬಂನಲ್ಲಿ ನಮ್ಮ ಸೋದರಮಾವನ ಒಂದೇ ಒಂದು ಫೋಟೋ ಇಲ್ಲ. ಪಾಪ, ಅವರು ದಿನವಿಡೀ ಉಗ್ರಾಣದಲ್ಲಿದ್ದರು. ಧಾರೆಯ ಫೋಟೋ ಇದೆ. ಅದರಲ್ಲಿ ಕಾಣುವುದು ವಿಡಿಯೋದವರ ಭುಜ. ತಾಳಿ ಕಟ್ಟುವ ಫೋಟೋ ಮಾತ್ರ ಹದಿನೆಂಟು ಇವೆ, ಒಂದಕ್ಕಿಂತ ಒಂದು ಚಂದ.

ಫೋಟೋಗ್ರಾಫರ್ ಕೆಲಸ ಗೊತ್ತಿಲ್ಲದವರೇನೂ ಅಲ್ಲ. ಅವರು ತೆಂಕಲಾಗಿನ, ಅಂದರೆ ದಕ್ಷಿಣ ಕಡೆಯ, ಮಲಯಾಳಿ. ಅವರು ಕಂಡ ಮದುವೆಗಳಲ್ಲಿ ತಾಳಿ ಕಟ್ಟುವುದೇ ಮುಖ್ಯ, ಹತ್ತಿಪ್ಪತ್ತು ನಿಮಿಷದಲ್ಲಿ ಎಲ್ಲ ಮುಗಿದು ಜನ ಊಟಕ್ಕೆ ಏಳುತ್ತಾರೆ. ನಮ್ಮಲ್ಲಿ ಅಷ್ಟು ಹೊತ್ತಿಗೆ ಭಟ್ಟರ ಸಂಕಲ್ಪವೇ ಮುಗಿದಿರುವುದಿಲ್ಲ. ಧಾರೆ ಎರೆಯುವಾಗ ಅವರು ಬ್ಯಾಟರಿ ಬದಲಿಸುತ್ತಿದ್ದರಂತೆ. 'ತಾಲಿಕೆಟ್ಟ್ ಇನ್ನೂ ಆಗಿಲ್ಲವಲ್ಲ' ಎಂದು ಧೈರ್ಯವಾಗಿ ಇದ್ದರು. ನಾವು ಹೇಳಿರಲಿಲ್ಲ, ಅವರು ಕೇಳಿರಲಿಲ್ಲ.

ಆಮೇಲೆ ನೆಂಟರ ಮನೆಯ ಮದುವೆಗಳಲ್ಲಿ ಫೋಟೋದ ಉಸ್ತುವಾರಿ ನನ್ನ ತಲೆಗೇ ಬಂತು. ಬದಿಯಡ್ಕ, ನೀರ್ಚಾಲು, ಪೆರ್ಲ, ಕುಂಬಳೆ ಎಂದು ಏಳೆಂಟು ಮದುವೆ ಆಯಿತು. ಹಾಗೆ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ದಿನ ಸಿಕ್ಕಿದ ಕೂಡಲೇ ಫೋನ್ ಮಾಡಿ

ಜೋಯಿಸರು ದಿನ ಕೊಟ್ಟ ಸಂಜೆಯೇ ಹಾಲ್, ಅಡಿಗೆ ಭಟ್ಟರು, ಫೋಟೋ ಮೂರನ್ನೂ ವಿಚಾರಿಸಿ. ನಮ್ಮ ಜಿಲ್ಲೆಯಲ್ಲಿ ಒಂದು ವಿಶೇಷ ಇದೆ. ಮಲಯಾಳಿಗಳ ಮತ್ತು ಮುಸ್ಲಿಮರ ಮದುವೆಗಳು ಹೆಚ್ಚಾಗಿ ಭಾನುವಾರ ನಡೆಯುತ್ತವೆ. ನಮ್ಮದು ಮುಹೂರ್ತ ಬಿದ್ದ ದಿನ, ಅದು ಬುಧವಾರವೂ ಆಗಬಹುದು. ಭಾನುವಾರ ಬಿದ್ದರೆ ಒಳ್ಳೆಯವರು ಸಿಗುವುದು ಕಷ್ಟ. ವಾರದ ನಡುವೆ ಬಿದ್ದರೆ ಧೈರ್ಯವಾಗಿ ಚೌಕಾಸಿ ಮಾಡಿ, ಅವರಿಗೂ ಆ ದಿನ ಖಾಲಿಯೇ ಇರುತ್ತದೆ.

ಆಟಿ ತಿಂಗಳಲ್ಲಿ ನಮಗೂ ಮದುವೆ ಇಲ್ಲ, ಮಲಯಾಳಿಗಳ ಲೆಕ್ಕದಲ್ಲಿ ಅದೇ ಕರ್ಕಾಟಕ ತಿಂಗಳು, ಅವರಿಗೂ ಇಲ್ಲ. ಅದು ಮುಗಿದು ಚಿಂಗಂ ಹುಟ್ಟಿತೆಂದರೆ, ಅಂದರೆ ಆಗಸ್ಟ್ ನಡುವಿನಿಂದ, ಮಲಯಾಳಿ ಮದುವೆಗಳ ಸಾಲು. ಆ ತಿಂಗಳಲ್ಲಿ ನಿಮ್ಮ ಮದುವೆ ಇದ್ದರೆ ಇನ್ನೂ ಬೇಗ ಗೊತ್ತು ಮಾಡಿ. ಏಪ್ರಿಲ್, ಮೇ ಬಗ್ಗೆ ಹೇಳುವುದೇ ಬೇಡ.

ಮಂಗಳೂರಿನವರನ್ನು ಕರೆಸುವುದೋ ಇಲ್ಲಿಯವರೋ ಎಂದು ಎಲ್ಲರೂ ಕೇಳುತ್ತಾರೆ. ಮಂಗಳೂರು ಕಾಸರಗೋಡು ಪೇಟೆಯಿಂದ ಸುಮಾರು 50 ಕಿಲೋಮೀಟರ್. ಬೆಳಿಗ್ಗೆ ಐದೂವರೆಗೆ ಮದುಮಗಳ ಮನೆಯಲ್ಲಿ ಇರಬೇಕಾದ ತಂಡಕ್ಕೆ ಅದು ಕಡಿಮೆ ದೂರವಲ್ಲ. ಪ್ರಯಾಣದ ಖರ್ಚು, ಹಿಂದಿನ ರಾತ್ರಿಯ ವಾಸ ಯಾರದ್ದೆಂದು ಮೊದಲೇ ಕೇಳಿ. ನನ್ನ ಮಟ್ಟಿಗೆ ಹತ್ತಿರದವರೇ ಲಾಯಕ್ಕು. ಬದಿಯಡ್ಕ, ಮುಳ್ಳೇರಿಯದ ಹುಡುಗರಿಗೆ ತೋಟದ ಮನೆಯ ದಾರಿಯೂ ಗೊತ್ತು, ಜೀಪು ಎಲ್ಲಿವರೆಗೆ ಹೋಗುತ್ತದೆಂದೂ ಗೊತ್ತು.

ರೀಲ್ಸ್ ನೋಡಿ ಮರುಳಾಗಬೇಡಿ

ಇನ್‌ಸ್ಟಾಗ್ರಾಂನಲ್ಲಿ ಇರುವುದು ಅವರ ಹತ್ತು ಮದುವೆಗಳ ಹತ್ತು ಒಳ್ಳೆ ಫೋಟೋ. ನಿಮಗೆ ಬೇಕಾದ್ದು ಒಂದೇ ಮದುವೆಯ ಎಲ್ಲಾ ಫೋಟೋ, ಮೊದಲಿನಿಂದ ಕೊನೆವರೆಗೆ. 'ನಮ್ಮ ಹಾಗಿನ ಒಂದು ಮದುವೆಯದ್ದು ಪೂರ್ತಿ ತೋರಿಸಿ' ಎಂದು ಕೇಳಿ. ತೋರಿಸಲು ಹಿಂದೆ ಮುಂದೆ ನೋಡಿದರೆ ಇನ್ನೊಬ್ಬರನ್ನು ಹುಡುಕಿ.

ತೋರಿಸಿದಾಗ ಮದುಮಗಳ ಮುಖ ಆಮೇಲೆ ನೋಡಿ. ಮೊದಲು ಗಂಡಸರ ಬಿಳಿ ಮುಂಡು ನೋಡಿ. ಮುಂಡು ಬೆಳ್ಳಗೆ ಕಂಡರೆ ಆತನಿಗೆ ಬೆಳಕಿನ ಅಂದಾಜು ಇದೆ ಎಂದರ್ಥ. ನೀಲಿಗೋ ಹಸಿರಿಗೋ ತಿರುಗಿದ್ದರೆ ಮುಖಗಳೂ ಹಾಗೇ ತಿರುಗಿರುತ್ತವೆ. ಆಮೇಲೆ ಹೋಮದ ಹೊಗೆ ತುಂಬಿದ ಫೋಟೋ ನೋಡಿ. ಆಮೇಲೆ ದೊಡ್ಡ ಗುಂಪಿನ ಫೋಟೋ. ಎರಡು ತುದಿಯಲ್ಲಿ ನಿಂತವರ ಕಣ್ಣು ಮೂಗು ಸ್ಪಷ್ಟ ಉಂಟಾ ಎಂದು ದೊಡ್ಡದು ಮಾಡಿ ನೋಡಿ. ಈ ಮೂರರಲ್ಲಿ ಪಾಸಾದರೆ ಉಳಿದದ್ದು ಸಾಮಾನ್ಯವಾಗಿ ಸರಿ ಇರುತ್ತದೆ.

ಕ್ಯಾಮೆರಾ ಯಾವ ಕಂಪನಿಯದ್ದು ಎಂದು ಕೇಳಿ ಏನೂ ಪ್ರಯೋಜನ ಇಲ್ಲ. ಕೇಳಬೇಕಾದ್ದು ಇದು: ಒಂದು ಕ್ಯಾಮೆರಾ ಹಾಳಾದರೆ ಇನ್ನೊಂದು ಇದೆಯೇ? ಎರಡು ಕಾರ್ಡ್ ಹಾಕುವ ಕ್ಯಾಮೆರಾವೇ, ಎರಡರಲ್ಲೂ ಒಟ್ಟಿಗೇ ಸೇವ್ ಆಗುತ್ತದೆಯೇ? ಕಾರ್ಡ್ ಕೈಕೊಟ್ಟರೆ ಮದುವೆಯನ್ನು ಇನ್ನೊಮ್ಮೆ ಮಾಡಲಾಗುವುದಿಲ್ಲ, ಅಲ್ವಾ? ಮತ್ತೆ, ಮಾತಾಡುತ್ತಿರುವ ಇವರೇ ಬರುತ್ತಾರೋ, ಬೇರೆ ಯಾರನ್ನಾದರೂ ಕಳಿಸುತ್ತಾರೋ? ಒಂದೇ ದಿನ ಎರಡು ಮದುವೆ ಒಪ್ಪಿಕೊಂಡು ಶಿಷ್ಯನನ್ನು ಕಳಿಸುವುದು ಇಲ್ಲಿ ಹೊಸತೇನಲ್ಲ. ಶಿಷ್ಯ ಗುರುವಿಗಿಂತ ಒಳ್ಳೆಯವನಿರಬಹುದು. ಆದರೆ ನಿಮಗೆ ಮೊದಲೇ ಗೊತ್ತಿರಬೇಕು.

ಬಾಯಿಮಾತು ಸಾಲದು

'ನಾವೆಲ್ಲ ಒಂದೇ ಊರಿನವರು, ಬರೆದುಕೊಳ್ಳುವುದೇನು' ಎನ್ನುತ್ತಾರೆ. ಒಂದೇ ಊರಿನವರಾದ್ದರಿಂದಲೇ ಬರೆಯಬೇಕು. ಆಮೇಲೆ ಜಗಳ ಮಾಡಲು ಮುಖ ಬರುವುದಿಲ್ಲ. ವಾಟ್ಸಾಪ್‌ನಲ್ಲಿ ಬರೆದು ಅವರಿಂದ 'ಸರಿ' ಅನ್ನಿಸಿಕೊಂಡರೂ ಆಯಿತು.

ಎಷ್ಟು ಜನ ಬರುತ್ತಾರೆ, ಎಷ್ಟು ಗಂಟೆಯಿಂದ ಎಷ್ಟರವರೆಗೆ, ಮದರಂಗಿ ರಾತ್ರಿ ಸೇರಿದೆಯೇ, ಗಂಡಿನ ಮನೆಯ ವಧೂಪ್ರವೇಶ ಸೇರಿದೆಯೇ, ಆಲ್ಬಂ ಎಷ್ಟು ಹಾಳೆಯದ್ದು, ಹೆಚ್ಚಾದ ಹಾಳೆಗೆ ಎಷ್ಟು, ಯಾವ ತಿಂಗಳಲ್ಲಿ ಕೈಗೆ ಕೊಡುತ್ತಾರೆ. ಇಷ್ಟು ಇದ್ದರೆ ಸಾಕು. ಒಂದು ಹಾಳೆ ಎಂದರೆ ಎರಡು ಪುಟ ಎಂದು ನೆನಪಿಡಿ. ಮೂವತ್ತು ಹಾಳೆ ಕಡಿಮೆ ಆಯಿತೆಂದು ಕೂಗಾಡಿದ ನಮ್ಮ ಚಿಕ್ಕಪ್ಪನಿಗೆ ಅದು ಅರವತ್ತು ಪುಟ ಎಂದು ಗೊತ್ತಿರಲಿಲ್ಲ. ಜಿಎಸ್‌ಟಿ ನೋಂದಣಿ ಇರುವ ಸ್ಟುಡಿಯೋ ಆದರೆ ಬಿಲ್ಲಿಗೆ 18 ಶೇಕಡಾ ಸೇರುತ್ತದೆ. ಹೇಳಿದ ರೇಟು ಅದನ್ನು ಸೇರಿಸಿಯೋ ಬಿಟ್ಟೋ ಎಂದು ಕೇಳಿಕೊಳ್ಳಿ.

ದುಡ್ಡನ್ನು ಮೂರು ಪಾಲು ಮಾಡಿ. ಗೊತ್ತು ಮಾಡುವಾಗ ಒಂದು, ಮದುವೆ ದಿನ ಒಂದು, ಆಲ್ಬಂ ಕೈಗೆ ಬಂದಾಗ ಒಂದು. ಮೂರನೇ ಪಾಲನ್ನು ಮೊದಲೇ ಕೊಟ್ಟು ಔದಾರ್ಯ ತೋರಿಸಲು ಹೋಗಿ, ಮಗು ಹುಟ್ಟಿದ ಮೇಲೆ ಆಲ್ಬಂ ಬಂದ ಮನೆ ನನಗೆ ಗೊತ್ತು. ಹಾಗೆಂದು ಮದುವೆ ದಿನದ ಪಾಲನ್ನು ಅವರು ಕೇಳುವವರೆಗೆ ಕಾಯಿಸಬೇಡಿ. ಅವರ ಜೊತೆ ಬಂದ ಹುಡುಗರಿಗೆ ಅವತ್ತೇ ಸಂಬಳ ಕೊಡಬೇಕಿರುತ್ತದೆ.

ಫೋಟೋದ ಹಕ್ಕಿನ ಮಾತನ್ನು ನಮ್ಮಲ್ಲಿ ಯಾರೂ ಎತ್ತುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ನೀವು ದುಡ್ಡು ಕೊಟ್ಟು ನಿಮಗಾಗಿ ತೆಗೆಸಿದ ಫೋಟೋದ ಮೊದಲ ಹಕ್ಕುದಾರರು ನೀವೇ, ಬೇರೆ ಒಪ್ಪಂದ ಇಲ್ಲದಿದ್ದರೆ. ಈ 'ಇಲ್ಲದಿದ್ದರೆ' ಮುಖ್ಯ. ಸ್ಟುಡಿಯೋದವರು ಸಹಿ ಹಾಕಿಸುವ ಕಾಗದದಲ್ಲಿ ಹಕ್ಕು ತಮ್ಮದೆಂದು ಬರೆದಿರಬಹುದು, ಓದಿ ಸಹಿ ಹಾಕಿ. ಮದುಮಗಳ ಫೋಟೋ ಅವರ ಪ್ರಚಾರಕ್ಕೆ ಹೋಗಬಾರದು ಎಂದಿದ್ದರೆ ಅದನ್ನೂ ಬರೆಯಿರಿ. ಮದುವೆಯಾದ ಮೂರನೇ ದಿನ ಬೋರ್ಡಿನ ಮೇಲೆ ಕಂಡು ಬೇಜಾರು ಮಾಡಿಕೊಳ್ಳುವುದಕ್ಕಿಂತ ಒಳ್ಳೆಯದು.

ಕ್ರಮದ ಚೀಟಿ

ಇಡೀ ಲೇಖನದಲ್ಲಿ ಒಂದನ್ನೇ ಮಾಡುವುದಾದರೆ ಇದನ್ನು ಮಾಡಿ. ಮದುವೆಗೆ ಒಂದು ವಾರ ಇರುವಾಗ ಮದುವೆ ಮಾಡಿಸುವ ಭಟ್ಟರ ಹತ್ತಿರ ಕೂತು, ಯಾವುದರ ನಂತರ ಯಾವುದು, ಸುಮಾರು ಎಷ್ಟು ಗಂಟೆಗೆ ಎಂದು ಬರೆದುಕೊಳ್ಳಿ. ನಮ್ಮ ಜಿಲ್ಲೆಯಲ್ಲಿ ಹವ್ಯಕರ ಮದುವೆ ಒಂದು ಬಗೆ, ಬಂಟರದ್ದು, ಬಿಲ್ಲವರದ್ದು ಇನ್ನೊಂದು ಬಗೆ, ಕೊಂಕಣಿಗರದ್ದು ಮತ್ತೊಂದು. ನೆರೆಮನೆಯ ಮದುವೆ ತೆಗೆದ ಫೋಟೋಗ್ರಾಫರಿಗೂ ನಿಮ್ಮ ಮನೆಯ ಕ್ರಮ ಗೊತ್ತಿರಬೇಕೆಂದಿಲ್ಲ.

ಬರೀ ಹೆಸರು ಬರೆದರೆ ಸಾಲದು. ಏನಾಗುತ್ತದೆ, ಏನು ಬೇಕು ಎಂದೂ ಬರೆಯಿರಿ. ಕಳೆದ ವರ್ಷ ನಾನು ಬರೆದ ಚೀಟಿಯ ಒಂದು ತುಂಡು ಹೀಗಿತ್ತು:

'11.40: ಅಂತಃಪಟ. ಇಬ್ಬರ ನಡುವೆ ಬಟ್ಟೆ ಹಿಡಿಯುತ್ತಾರೆ. ಬಟ್ಟೆ ಸರಿಯುವಾಗ ಇಬ್ಬರ ಮುಖವೂ ಬೇಕು. ಒಂದು ಕ್ಯಾಮೆರಾ ಮದುಮಗಳ ಮೇಲೆ, ಒಂದು ಮದುಮಗನ ಮೇಲೆ. ಜೀರಿಗೆ ಬೆಲ್ಲ ತಕ್ಷಣ, ಕಾಯುವುದಿಲ್ಲ.

12.05: ಧಾರೆ. ಇದೇ ಮದುವೆ. ಕೈಗಳು ಹತ್ತಿರದಿಂದ, ನೀರು ಬೀಳುವುದು ಕಾಣಬೇಕು. ಗಿಂಡಿ ಹಿಡಿಯುವವರು ಹುಡುಗಿಯ ಅಪ್ಪ ಅಮ್ಮ, ಅವರ ಮುಖ ಬೇಕು. ಇದಕ್ಕೆ ಹತ್ತು ನಿಮಿಷ ಮೊದಲು ಬ್ಯಾಟರಿ, ಕಾರ್ಡ್ ಬದಲಿಸಿ ತಯಾರಿರಿ.'

ಕೊನೆಯ ಸಾಲು ಯಾಕೆ ಬಂತೆಂದು ನಿಮಗೆ ಗೊತ್ತು.

ಇನ್ನೊಂದು ಸಂಗತಿ. ಇಲ್ಲಿನ ಎಷ್ಟೋ ಹುಡುಗರು ಕನ್ನಡ, ತುಳು ಸಲೀಸಾಗಿ ಮಾತಾಡುತ್ತಾರೆ. ಶಾಲೆಯಲ್ಲಿ ಓದಿದ್ದು ಮಲಯಾಳ. ಕನ್ನಡ ಅಕ್ಷರ ಬಾರದು ಎಂದು ಹೇಳಲು ಅವರಿಗೆ ನಾಚಿಕೆ. ಚೀಟಿ ತೆಗೆದುಕೊಂಡು ಕಿಸೆಯಲ್ಲಿಟ್ಟುಕೊಳ್ಳುತ್ತಾರೆ, ಅಷ್ಟೇ. ಆದ್ದರಿಂದ ಮಲಯಾಳ ಬರೆಯುವವರಿಂದ ಅದರ ಪಕ್ಕದಲ್ಲೇ ಬರೆಸಿ, ಇಲ್ಲವಾದರೆ ಎದುರು ಕೂರಿಸಿ ಓದಿ ಹೇಳಿ. ಸಪ್ತಭಾಷೆಯ ನಾಡು ಎಂದು ಭಾಷಣದಲ್ಲಿ ಹೇಳುತ್ತೇವಲ್ಲ, ಅದರ ಕಷ್ಟ ಮಂಟಪದಲ್ಲಿ ಗೊತ್ತಾಗುತ್ತದೆ.

ಚೀಟಿಯ ಹಿಂದೆ ಜನರ ಪಟ್ಟಿ ಇರಲಿ. ಅಜ್ಜ ಅಜ್ಜಿ, ಸೋದರಮಾವ, ದೊಡ್ಡಪ್ಪ, ಅತ್ತೆ, ಗಲ್ಫಿನಿಂದ ಬಂದವರು, ಮತ್ತೆ ಉಗ್ರಾಣದಲ್ಲಿ, ಅಡಿಗೆ ಕೊಟ್ಟಿಗೆಯಲ್ಲಿ ಇರುವವರು. ಇವರನ್ನು ಗುರುತು ಹಿಡಿಯುವ ಒಬ್ಬರನ್ನು ಫೋಟೋದವರ ಜೊತೆಗೆ ಬಿಡಿ. ಹದಿನೆಂಟು ಇಪ್ಪತ್ತರ ಒಬ್ಬ ಸೋದರಳಿಯನೋ ಸೋದರಸೊಸೆಯೋ ಆದರೆ ಒಳ್ಳೆಯದು. ಅವರಿಗೆ ಬೇರೆ ಕೆಲಸ ಕೊಡಬೇಡಿ. ಎರಡೂ ಕಡೆಯಿಂದ ಒಬ್ಬೊಬ್ಬರಿದ್ದರೆ ನೀಲಿ ಅಂಗಿಯವರು ಆಲ್ಬಂಗೆ ಬರುವುದು ಕಡಿಮೆಯಾಗುತ್ತದೆ.

ಭಟ್ಟರಿಗೂ ಫೋಟೋದವರಿಗೂ ಮೊದಲೇ ಮಾತು ಕತೆ ಆಗಲಿ. ಯಾರು ಎಲ್ಲಿ ನಿಲ್ಲುವುದು, ಮಂಟಪದೊಳಗೆ ಎಷ್ಟು ಜನ, ಚಪ್ಪಲಿ ಎಲ್ಲಿ ಬಿಡುವುದು. ಕೆಲವು ಭಟ್ಟರು 'ಇನ್ನೊಮ್ಮೆ ಹಾಗೇ ಹಿಡಿಯಿರಿ' ಎಂದರೆ ಸಿಟ್ಟಾಗುತ್ತಾರೆ, ಅದು ಸರಿಯೂ ಹೌದು. ಕೆಲವರು ತಾವೇ ಮಂತ್ರ ನಿಲ್ಲಿಸಿ ಕ್ಯಾಮೆರಾ ಕಡೆ ನೋಡುತ್ತಾರೆ. ಸಭೆಯಲ್ಲಿ ಕೂತವರ ಕಡೆಯೂ ಸ್ವಲ್ಪ ನೋಡಿ. ಮಂಟಪದ ಎದುರು ಕ್ಯಾಮೆರಾದವರು ಸಾಲಾಗಿ ನಿಂತರೆ ಬಂದವರು ಮದುವೆಯ ಬದಲು ನಾಲ್ಕು ಬೆನ್ನು ನೋಡಿ ಊಟ ಮಾಡಿ ಹೋಗುತ್ತಾರೆ. ಎದುರು ಒಬ್ಬರು, ಬದಿಯಲ್ಲಿ ಒಬ್ಬರು ಸಾಕು.

ಚಪ್ಪರ, ಬೆಳಕು, ಮಳೆ

ಮನೆಯಲ್ಲೇ ಮದುವೆಯಾದರೆ ಚಪ್ಪರದ ಮೇಲಿನ ಶೀಟಿನ ಬಣ್ಣ ಗಮನಿಸಿ. ನೀಲಿ ಟರ್ಪಾಲು ಹಾಕಿದರೆ ಮಧ್ಯಾಹ್ನದ ಬಿಸಿಲು ಅದರ ಮೂಲಕ ಇಳಿದು ಎಲ್ಲರ ಮುಖವೂ ನೀಲಿ. ಆಮೇಲೆ ಕಂಪ್ಯೂಟರಿನಲ್ಲಿ ಸರಿ ಮಾಡುತ್ತೇವೆ ಎನ್ನುತ್ತಾರೆ, ಪೂರ್ತಿ ಸರಿಯಾಗುವುದಿಲ್ಲ. ಒಳಗಿನಿಂದ ಬಿಳಿ ಬಟ್ಟೆ ಕಟ್ಟಿಸಿ. ಅಡಿಕೆ ತೋಟದ ನಡುವಿನ ಮನೆಗಳಲ್ಲಿ ಸುತ್ತಲಿನ ಹಸಿರೂ ಮುಖಕ್ಕೆ ಬಡಿಯುತ್ತದೆ. ಫೋಟೋಗ್ರಾಫರ್ ಹಿಂದಿನ ದಿನ ಅದೇ ಹೊತ್ತಿಗೆ ಬಂದು ಒಮ್ಮೆ ನೋಡಿ ಹೋದರೆ ಅರ್ಧ ತಲೆನೋವು ಕಡಿಮೆ.

ಹಾಲ್‌ನಲ್ಲಿ ಎಲ್‌ಇಡಿ ಲೈಟಿನ ಕಾಟ. ಕೆಲವು ಅಗ್ಗದ ಲೈಟುಗಳು ಕಣ್ಣಿಗೆ ಕಾಣದ ಹಾಗೆ ಮಿನುಗುತ್ತವೆ, ವಿಡಿಯೋದಲ್ಲಿ ಪಟ್ಟೆ ಪಟ್ಟೆ ಬರುತ್ತದೆ. ನಿಮ್ಮ ಮೊಬೈಲ್ ಕ್ಯಾಮೆರಾವನ್ನು ಆ ಲೈಟಿಗೆ ಹಿಡಿದು ನೋಡಿ. ಪರದೆಯ ಮೇಲೆ ಕಪ್ಪು ಗೆರೆ ಓಡಿದರೆ ಡೆಕೋರೇಷನ್‌ನವರಿಗೆ ಆಗಲೇ ಹೇಳಿ.

ಜೂನ್ ಹಿಡಿದರೆ ಮಳೆ. ಎಸಿ ಕಾರಿನಿಂದ ಇಳಿಸಿದ ಲೆನ್ಸ್‌ಗೆ ಹೊರಗಿನ ತೇವದ ಗಾಳಿ ತಾಗಿದ ಕೂಡಲೇ ಮಂಜು ಹಿಡಿಯುತ್ತದೆ. ದಿಬ್ಬಣದ ಕಾರಿನಲ್ಲಿ ಫೋಟೋದವರೂ ಬರುತ್ತಾರಾದರೆ, ಇಳಿಯುವ ಕಾಲು ಗಂಟೆ ಮೊದಲೇ ಎಸಿ ಬಂದ್ ಮಾಡಿ. ಇಲ್ಲದಿದ್ದರೆ ಮದುಮಗನ ಕಾಲು ತೊಳೆಯುವ ಫೋಟೋಗಳೆಲ್ಲ ಹೊಗೆಯೊಳಗಿನಿಂದ ತೆಗೆದ ಹಾಗಿರುತ್ತವೆ.

ದೇವಸ್ಥಾನದಲ್ಲಿ ಮದುವೆ ಆದರೆ ಆಫೀಸಿನಲ್ಲಿ ಮೊದಲೇ ಕೇಳಿ. ಒಳಾಂಗಣದಲ್ಲಿ ಹೆಚ್ಚಿನ ಕಡೆ ಕ್ಯಾಮೆರಾ ಬಿಡುವುದಿಲ್ಲ. ಗಂಡಸರು ಅಂಗಿ ತೆಗೆಯಬೇಕಾದಲ್ಲಿ ಫೋಟೋದವರೂ ತೆಗೆಯಬೇಕು. ಟೀ ಶರ್ಟ್ ಮತ್ತು ಜೀನ್ಸ್‌ನಲ್ಲಿ ಬಂದು ಬಾಗಿಲಲ್ಲೇ ನಿಂತ ಹುಡುಗನಿಗೆ ನಾವು ಯಾರದ್ದೋ ಮುಂಡು ಉಡಿಸಿದ್ದೇವೆ.

ಡ್ರೋನ್, ಲೈವ್, ಬೇಕಲ

ಡ್ರೋನ್ ಬೇಡ ಎನ್ನುವುದು ನನ್ನ ಅಭಿಪ್ರಾಯ. ತೋಟದ ಮನೆಯಲ್ಲಿ ಮೇಲಿನಿಂದ ಕಾಣುವುದು ಅಡಿಕೆ ಮರದ ತಲೆಗಳು, ನಡುವೆ ಒಂದು ತುಂಡು ಚಪ್ಪರ. ಅದರ ಸದ್ದಿಗೆ ಮಂತ್ರವೂ ಕೇಳುವುದಿಲ್ಲ. ಬೇಕೇ ಬೇಕೆಂದರೆ, 250 ಗ್ರಾಂ ದಾಟಿದ ಡ್ರೋನನ್ನು ದುಡ್ಡಿಗಾಗಿ ಹಾರಿಸುವವರಿಗೆ 2021ರ ಡ್ರೋನ್ ನಿಯಮದ ಪ್ರಕಾರ ಪೈಲಟ್ ಪ್ರಮಾಣಪತ್ರ ಬೇಕು. ಇದೆಯಾ ಎಂದು ಕೇಳಿ.

ಲೈವ್ ಮಾತ್ರ ನಮ್ಮ ಕಡೆ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಒಬ್ಬರಾದರೂ ಗಲ್ಫಿನಲ್ಲಿ ಇಲ್ಲದ ಮನೆ ಕಡಿಮೆ. ಇಲ್ಲಿ 12.05ಕ್ಕೆ ಧಾರೆಯಾದರೆ ದುಬೈಯಲ್ಲಿ 10.35, ಕತಾರ್, ಸೌದಿಯಲ್ಲಿ 9.35. ಲಿಂಕ್ ಕಳಿಸುವಾಗ ಆ ಹೊತ್ತನ್ನೂ ಬರೆಯಿರಿ. ಯೂಟ್ಯೂಬ್ ಚಾನೆಲಿನಲ್ಲಿ ಮೊದಲ ಸಲ ಲೈವ್ ಆನ್ ಮಾಡಿದರೆ ಅದು ಶುರುವಾಗಲು 24 ಗಂಟೆವರೆಗೆ ಹಿಡಿಯಬಹುದು. ಮದುವೆ ದಿನ ಬೆಳಿಗ್ಗೆ ಹೊಸ ಚಾನೆಲ್ ತೆರೆದು ಪೇಚಾಡಿದವರಿದ್ದಾರೆ. ಹಿಂದೆ ಸಿನಿಮಾ ಹಾಡು ಹಾಕಿದರೆ ಹಕ್ಕಿನ ತಕರಾರು ಬಂದು ವಿಡಿಯೋ ನಿಲ್ಲಲೂಬಹುದು. ವಾಲಗ ಸಾಕು. ಮಂಟಪ ಹಾಕುವ ಜಾಗದಲ್ಲೇ ಹಿಂದಿನ ದಿನ ನೆಟ್‌ವರ್ಕ್ ನೋಡಿ. ಮನೆಯ ಗೇಟಿನಲ್ಲಿ ಸಿಕ್ಕಿದ ಸಿಗ್ನಲ್ ಮಂಟಪದಲ್ಲಿ ಸಿಗುವುದಿಲ್ಲ.

ಇನ್ನು ಪ್ರಿ ವೆಡ್ಡಿಂಗ್. ಎಲ್ಲರಿಗೂ ಬೇಕಲ ಕೋಟೆಯೇ ಬೇಕು. ಕೋಟೆ ಪುರಾತತ್ವ ಇಲಾಖೆಯ ಕೈಯಲ್ಲಿದೆ. ಟಿಕೆಟ್ ತೆಗೆದು ಮೊಬೈಲಿನಲ್ಲಿ ಫೋಟೋ ತೆಗೆಯುವುದು ಬೇರೆ, ಟ್ರೈಪಾಡ್, ಲೈಟು, ಬಟ್ಟೆಯ ಗಂಟು ಹೊತ್ತು ಹೋಗುವುದು ಬೇರೆ. ಅನುಮತಿ ಕೇಳದೆ ಹೋಗಬೇಡಿ. ನನ್ನನ್ನು ಕೇಳಿದರೆ ಮನೆಯ ತೋಟದ ಕಟ್ಟಪುಣಿಯ (ಬದುವಿನ) ಮೇಲೆ ಬೆಳಿಗ್ಗೆ ಏಳಕ್ಕೆ ತೆಗೆದ ಫೋಟೋ ಅದಕ್ಕಿಂತ ಚಂದ ಬರುತ್ತದೆ, ಖರ್ಚೂ ಇಲ್ಲ.

ಆ ದಿನ

ಫೋಟೋದವರಿಗೆ ಬೆಳಿಗ್ಗೆ ತಿಂಡಿ ಕೊಡಿ. ಮಧ್ಯಾಹ್ನ ಅವರನ್ನು ಊಟದ ಕೊನೆಯ ಹಂತಿಗೆ (ಪಂಕ್ತಿಗೆ) ದೂಡಬೇಡಿ. ಮದುಮಕ್ಕಳು ಊಟಕ್ಕೆ ಕೂರುವ ಮೊದಲು ಅವರ ಊಟ ಆಗಿರಬೇಕು. ಹಸಿದವರ ಕೈ ನಡುಗುತ್ತದೆ, ಫೋಟೋವೂ. ಮತ್ತೆ ಊಟದ ಫೋಟೋ ಬಗ್ಗೆ ಒಂದು ಮಾತು ಹೇಳಿಬಿಡಿ: ಎಲೆಗೆ ಬಡಿಸುವಾಗ ತೆಗೆಯಲಿ, ಬಾಯಿಗೆ ತುತ್ತು ಹೋಗುವಾಗ ಬೇಡ. ಹೋಳಿಗೆ ತುಂಬಿದ ಬಾಯಿಯ ತಮ್ಮದೇ ಫೋಟೋ ಕಂಡು ನಮ್ಮ ಅತ್ತೆ ಎರಡು ತಿಂಗಳು ಮಾತು ಬಿಟ್ಟಿದ್ದರು.

ಗುಂಪಿನ ಫೋಟೋಗಳನ್ನು ಊಟಕ್ಕೆ ಮೊದಲೇ ಮುಗಿಸಿ. ಊಟ ಆದವರು ಕಾರಿನ ಕೀ ಹುಡುಕುತ್ತಿರುತ್ತಾರೆ. ಯಾರ ನಂತರ ಯಾರು ಎಂದು ಜೋರು ಧ್ವನಿಯ ಒಬ್ಬರು ಕರೆಯಲಿ.

ಮದುವೆ ಕಳೆದ ಮೇಲೆ

ಮೊದಲ ವಾರದಲ್ಲೇ ನಾಲ್ಕೈದು ಫೋಟೋ ಕೇಳಿ ತೆಗೆದುಕೊಳ್ಳಿ. ಕೇರಳದಲ್ಲಿ ಮದುವೆಯನ್ನು 45 ದಿನದೊಳಗೆ ಸ್ಥಳೀಯ ಪಂಚಾಯತ್ ಅಥವಾ ನಗರಸಭೆಯಲ್ಲಿ ನೋಂದಣಿ ಮಾಡಿಸಬೇಕು. ಅರ್ಜಿಗೆ ವಧೂವರರ ಫೋಟೋ ಬೇಕು. ಹುಡುಗ ಗಲ್ಫಿನಲ್ಲಿದ್ದರೆ ವೀಸಾಕ್ಕೂ ಈ ಸರ್ಟಿಫಿಕೇಟ್ ಬೇಕಾಗುತ್ತದೆ. ಆಲ್ಬಂಗೆ ಕಾದು ಕೂತರೆ ತಡವಾಗುತ್ತದೆ.

ಪೂರ್ತಿ ಫೋಟೋಗಳನ್ನು ಹಾರ್ಡ್ ಡಿಸ್ಕಿನಲ್ಲಿ ತೆಗೆದುಕೊಂಡು ಇನ್ನೊಂದು ಪ್ರತಿ ಬೇರೆ ಮನೆಯಲ್ಲಿಡಿ, ಗಂಡಿನ ಮನೆಯಲ್ಲೊಂದು ಹೆಣ್ಣಿನ ಮನೆಯಲ್ಲೊಂದು. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದ್ದು ಚಿಕ್ಕದಾಗುತ್ತದೆ, ಅದು ಪ್ರಿಂಟಿಗೆ ಆಗದು. ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಿ.

ಆಲ್ಬಂಗೆ ಫೋಟೋ ಆರಿಸುವ ಕೆಲಸವನ್ನು ಇಬ್ಬರೇ ಮಾಡಿ. ಹತ್ತು ಜನ ಕೂತರೆ ಮುಗಿಯುವುದೇ ಇಲ್ಲ. ಸಾಮಾನ್ಯ ಆಲ್ಬಂ ಬಿಡಿಸಿದರೆ 36 ಇಂಚು ಅಗಲ. 24 ಮೆಗಾಪಿಕ್ಸೆಲ್ ಫೋಟೋದ ಅಗಲ 6000 ಚುಕ್ಕೆ. ಪೂರ್ತಿ ಫೋಟೋ ಆದರೆ ಅಷ್ಟಕ್ಕೆ ನಿಲ್ಲುತ್ತದೆ. ಗುಂಪಿನಿಂದ ಒಂದು ಮುಖ ಕತ್ತರಿಸಿ ಅಷ್ಟು ಹಿಗ್ಗಿಸಿದರೆ ಒಡೆಯುತ್ತದೆ. ಮುಖವನ್ನು ಬಿಳಿ ಮಾಡಬೇಡಿ ಎಂದು ಸ್ಪಷ್ಟವಾಗಿ ಹೇಳಿ. ಹೇಳದಿದ್ದರೆ ಮಾಡುತ್ತಾರೆ. ನನ್ನ ತಂಗಿಯ ಕೈಯ ಬಣ್ಣ ಒಂದು, ಮುಖದ ಬಣ್ಣ ಇನ್ನೊಂದು.

ಪ್ರಿಂಟಿಗೆ ಹೋಗುವ ಮೊದಲು ಪುಟಗಳನ್ನು ಒಮ್ಮೆ ನೀವೇ ನೋಡಿ, ಅದರಲ್ಲೂ ಕನ್ನಡ ಅಕ್ಷರಗಳನ್ನು. ಆಲ್ಬಂ ಕೂರಿಸುವವರಿಗೆ ಕನ್ನಡ ಬಾರದಿದ್ದರೆ ಒತ್ತಕ್ಷರ ಬಿಡಿಸಿಕೊಂಡು ಪಕ್ಕಕ್ಕೆ ಬಂದು ನಿಂತಿರುತ್ತದೆ, ಅವರಿಗೆ ಅದು ತಪ್ಪೆಂದೂ ಗೊತ್ತಾಗುವುದಿಲ್ಲ. ಫೋಟೋಶಾಪ್‌ನಲ್ಲಿ ಭಾರತೀಯ ಲಿಪಿಯ ಸೆಟ್ಟಿಂಗ್ ಹಾಕದಿದ್ದರೆ ಹೀಗಾಗುತ್ತದೆ. ಹೆಸರುಗಳನ್ನು ನೀವೇ ಸರಿಯಾಗಿ ಬರೆಸಿ ಚಿತ್ರವಾಗಿ ಕಳಿಸಿದರೆ ಅವರು ಹಾಗೇ ಅಂಟಿಸಬಹುದು.

ನೀಲಿ ಅಂಗಿಯವರ ಸಂಗತಿ ಆಮೇಲೆ ಗೊತ್ತಾಯಿತು. ಪಕ್ಕದ ಹಾಲ್‌ನ ಮದುವೆಗೆ ಬಂದವರು, ಬಾಗಿಲು ತಪ್ಪಿ ನಮ್ಮಲ್ಲಿಗೆ ಬಂದು, ಕೂತು, ಊಟವನ್ನೂ ಮಾಡಿ ಹೋಗಿದ್ದರು. ಉಡುಗೊರೆಯ ಕವರು ಕೊಟ್ಟಿದ್ದಾರೆ, ನೂರ ಒಂದು ರೂಪಾಯಿ.